ನಾಲ್ಕೂವರೆ ಪಾಯಿಂಟಿನ ಹೊಟ್ಟೆಕಿಚ್ಚು

ಪ್ಯಾಟ್ರಿಕ್ ಆಂಡರ್ಸನ್ ಯಾರು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಂದ ಮೊದಲು ಬರುವುದು ಅವನ ಕಾಲಿನ ಕತೆ. ಒಂಬತ್ತು ವರ್ಷದ ಹುಡುಗ. ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಬಂದು ಗುದ್ದಿದ. ಮೊಣಕಾಲಿನ ಕೆಳಗೆ ಎರಡೂ ಕಾಲು ಹೋದವು. ಇಲ್ಲಿ ನಾನು ಸ್ವಲ್ಪ ಸುಮ್ಮನಾಗುತ್ತೇನೆ. ಕೇಳುತ್ತಿದ್ದವರು "ಅಯ್ಯೋ ಪಾಪ" ಅನ್ನುತ್ತಾರೆ. ಆಮೇಲೆ ಪದಕಗಳನ್ನು ಒಂದೊಂದಾಗಿ ಇಳಿಸುತ್ತೇನೆ. 2000ದಲ್ಲಿ ಸಿಡ್ನಿ, 2004ರಲ್ಲಿ ಅಥೆನ್ಸ್, 2012ರಲ್ಲಿ ಲಂಡನ್, ಮೂರೂ ಪ್ಯಾರಾಲಿಂಪಿಕ್ ಚಿನ್ನ; ನಡುವೆ ಬೀಜಿಂಗಿನಲ್ಲಿ ಒಂದು ಬೆಳ್ಳಿ; 2006ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಶ್ವ ಚಾಂಪಿಯನ್. ಆಗ "ಅಬ್ಬಾ" ಬರುತ್ತದೆ. ಹರಿಕತೆ ದಾಸರು ಚಿಟಿಕೆ ನಿಲ್ಲಿಸಿ ಸಭೆಯ ಮುಖ ನೋಡುವ ಹಾಗೆ, ಪಾಪಕ್ಕೂ ಅಬ್ಬಾಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ನನಗೆ ಚೆನ್ನಾಗಿ ರೂಢಿಯಾಗಿದೆ.

ಮೈಕೆಲ್ ಜೋರ್ಡನ್ ಬಗ್ಗೆ ಹೇಳುವಾಗ ನಾನು ಹೀಗೆ ಮಾಡುವುದಿಲ್ಲ. ಅವನ ಆಟದಿಂದಲೇ ಶುರು ಮಾಡುತ್ತೇನೆ. ಪ್ಯಾಟ್ರಿಕ್ ವಿಷಯಕ್ಕೆ ಬಂದಾಗ ಮಾತ್ರ ಮೊದಲು ಅವನನ್ನು ನೆಲಕ್ಕೆ ಬೀಳಿಸಿ, ಆಮೇಲೆ ಎತ್ತಿ ನಿಲ್ಲಿಸುವ ಆಸೆ ಯಾಕೆ? ಕೇಳುವವರ ಗಮನ ಸೆಳೆಯುವುದಕ್ಕೆ ಅಂತ ಬಹಳ ಕಾಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ಅದು ಅಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ.

ನಾನು ಮಂಡ್ಯದವನು. ಕಾಲೇಜಿನ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಪ್ರಪಂಚ ಇರಲಿಲ್ಲ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೂ ಕ್ಲಬ್ಬಿಗೆ ಆಡಿದೆ. ಹೆಸರು ಮಾಡುವಷ್ಟು ಅಲ್ಲ, ಬೆಂಚಿನ ಮೇಲೆ ಕೂರುವಷ್ಟೂ ಅಲ್ಲ. ಈಗ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಕೆನಡಾದ ವಾಟರ್‌ಲೂನಲ್ಲಿದ್ದೇನೆ. ಪ್ಯಾಟ್ರಿಕ್ ಹುಟ್ಟಿದ್ದು 1979ರಲ್ಲಿ, ದೂರದ ಎಡ್ಮಂಟನ್‌ನಲ್ಲಾದರೂ ಬೆಳೆದದ್ದು ನಮ್ಮ ಪಕ್ಕದ ಫರ್ಗಸ್ ಎಂಬ ಸಣ್ಣ ಊರಿನಲ್ಲಿ, ಗ್ರ್ಯಾಂಡ್ ನದಿಯ ದಂಡೆಯ ಮೇಲೆ. ಅವನು ಮೊದಲು ಆಡಿದ ಟ್ವಿನ್ ಸಿಟಿ ಸ್ಪಿನ್ನರ್ಸ್ ಕ್ಲಬ್ಬು ನಮ್ಮ ಕಿಚನರ್–ವಾಟರ್‌ಲೂ ಜೋಡಿ ಊರಿನದೇ. ಇಷ್ಟು ಹತ್ತಿರವಿದ್ದೂ ಅವನನ್ನು ನಾನು ಎದುರಾಬದುರು ಕಂಡವನಲ್ಲ. ಕಾಣಲೇಬೇಕು ಅನ್ನುವ ಆಸೆಯೂ ಇಲ್ಲ. ಕಂಡರೆ ಏನು ಮಾತಾಡಿಯೇನು ಅನ್ನುವ ದಿಗಿಲು ಮಾತ್ರ ಇದೆ.

ಮೊದಲು ಅವನ ಆಟವನ್ನು ನೆಟ್ಟಗೆ ಕೂತು ನೋಡಿದ್ದು 2012ರ ಸೆಪ್ಟೆಂಬರಿನಲ್ಲಿ, ಲಂಡನ್ ಫೈನಲ್. ಕಂಪ್ಯೂಟರಿನ ಪರದೆಯಲ್ಲಿ. ಎದುರಾಳಿ ಆಸ್ಟ್ರೇಲಿಯ, ನಾಲ್ಕು ವರ್ಷದ ಹಿಂದೆ ಬೀಜಿಂಗಿನಲ್ಲಿ ಇದೇ ಕೆನಡಾವನ್ನು ಸೋಲಿಸಿ ಚಿನ್ನ ಒಯ್ದ ತಂಡ. ನೋಡಲು ಕೂತದ್ದೂ ಒಂಥರಾ ಉಪಕಾರದ ಮನಸ್ಸಿನಿಂದಲೇ. ನಮ್ಮ ಭಾಗದ ಹುಡುಗ, ಪಾಪ, ಕೈಲಾದಷ್ಟು ಆಡುತ್ತಾನೆ, ನೋಡೋಣ ಅಂತ.

ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ನೋಡದವರಿಗೆ ಒಂದಿಷ್ಟು ಹೇಳಬೇಕು. ಅಂಕಣ ಅದೇ, 28 ಮೀಟರು ಉದ್ದ, 15 ಮೀಟರು ಅಗಲ. ರಿಂಗಿನ ಎತ್ತರವೂ ಅದೇ 3.05 ಮೀಟರು, ಕೂತವರು ಅಂತ ಒಂದು ಇಂಚೂ ಇಳಿಸುವುದಿಲ್ಲ. ಚೆಂಡು ತೊಡೆಯ ಮೇಲಿದ್ದರೆ ಚಕ್ರವನ್ನು ಎರಡು ಸಲ ಮಾತ್ರ ತಳ್ಳಬಹುದು. ಮೂರನೆಯದಕ್ಕೆ ಮುಂಚೆ ಚೆಂಡನ್ನು ನೆಲಕ್ಕೆ ಪುಟಿಸಲೇಬೇಕು. ಕುರ್ಚಿ ಆಟಗಾರನ ಮೈಯ ಭಾಗವೆಂದೇ ಲೆಕ್ಕ, ಬೇರೆಯವನ ಕುರ್ಚಿಗೆ ಅಡ್ಡಾದಿಡ್ಡಿ ಗುದ್ದಿದರೆ ಫೌಲು. ಚೆಂಡು ಹಿಡಿಯುವ ಆತುರದಲ್ಲಿ ಸೀಟಿನಿಂದ ಕುಂಡೆ ಎತ್ತಿದರೆ ಅದಕ್ಕೂ ಟೆಕ್ನಿಕಲ್ ಫೌಲು. ಇನ್ನು ಪ್ರತಿಯೊಬ್ಬ ಆಟಗಾರನಿಗೂ ಅವನ ದೇಹ ಎಷ್ಟರಮಟ್ಟಿಗೆ ಅವನ ಮಾತು ಕೇಳುತ್ತದೆ ಅನ್ನುವುದರ ಮೇಲೆ 1ರಿಂದ 4.5ರವರೆಗೆ ಪಾಯಿಂಟು ಕೊಟ್ಟಿರುತ್ತಾರೆ. ಸೊಂಟದಿಂದ ಮೇಲೂ ಹಿಡಿತ ಕಡಿಮೆ ಇರುವವನು ಒಂದು ಪಾಯಿಂಟಿನವನು. ಪ್ಯಾಟ್ರಿಕ್‌ನಂತೆ ಮೊಣಕಾಲಿನ ಕೆಳಗಷ್ಟೇ ಕಳೆದುಕೊಂಡು, ಬೇಕಾದ ಕಡೆ ಬಾಗಿ ಹೊರಳಬಲ್ಲವನು ನಾಲ್ಕೂವರೆ. ಅಂಕಣದಲ್ಲಿರುವ ಐವರ ಮೊತ್ತ 14 ದಾಟುವಂತಿಲ್ಲ. ಆದ್ದರಿಂದ ಗಟ್ಟಿಗರನ್ನೇ ಆರಿಸಿ ಇಳಿಸಿಬಿಡಲು ಯಾವ ಕೋಚಿಗೂ ಆಗದು. ಪ್ಯಾಟ್ರಿಕ್ ಜೊತೆ ಇನ್ನೊಬ್ಬ ನಾಲ್ಕೂವರೆಯವನನ್ನು ಹಾಕಿದರೆ ಉಳಿದ ಮೂವರಿಗೆ ಸಿಗುವುದು ಐದೇ ಪಾಯಿಂಟು. ನಾನು ಆಡಿದ ಆಟದಲ್ಲಿ ಇಂಥ ಕೂಡು–ಕಳೆಯ ತಲೆನೋವು ಇರಲಿಲ್ಲ.

ಮೊದಲ ಐದು ನಿಮಿಷ ನಾನು ಕುರ್ಚಿಗಳನ್ನು ನೋಡಿದೆ. ಆಮೇಲೆ ಆಟ ನೋಡತೊಡಗಿದೆ. ಪ್ಯಾಟ್ರಿಕ್ ಎಡಗಡೆ ನೋಡುತ್ತ ಬಲಗಡೆಗೆ ಪಾಸು ಕೊಡುತ್ತಿದ್ದ. ಬೋರ್ಡಿಗೆ ಬಡಿದು ವಾಪಸ್ ಬರುವ ಚೆಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದವನಂತೆ ಅಲ್ಲಿಗೆ ಹೋಗಿ ಕಾಯುತ್ತಿದ್ದ. ಕುರ್ಚಿಯನ್ನು ಒಂದೇ ಚಕ್ರದ ಮೇಲೆ ವಾಲಿಸಿ ಎತ್ತರ ಗಳಿಸುವ ಒಂದು ವಿದ್ಯೆ ಈ ಆಟದಲ್ಲಿದೆ. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈ ಚಕ್ರದ ಮೇಲೆ, ಎದುರಿಗೆ ಇಬ್ಬರು. ಫೈನಲ್ ಮುಗಿದಾಗ 64–58. ಅದರಲ್ಲಿ ಅವನೊಬ್ಬನದೇ 34 ಪಾಯಿಂಟು, ಹತ್ತು ರಿಬೌಂಡು, ಎಂಟು ಅಸಿಸ್ಟು. ಆ ಕೂಟದಲ್ಲಿ ಕೆನಡಾ ಒಂದು ಪಂದ್ಯವನ್ನೂ ಸೋಲಲಿಲ್ಲ.

ಮೂರನೆಯ ಕ್ವಾರ್ಟರಿನ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಬೆರಗು ಅಂದುಕೊಂಡೆ. ಬೆರಗಲ್ಲ. ನನಗೆ ಪರಿಚಯವಿದ್ದ ಉರಿ ಅದು. ಅಂತರಕಾಲೇಜು ಪಂದ್ಯಗಳಲ್ಲಿ ಎದುರು ತಂಡದ ಯಾವನೋ ಒಬ್ಬ ನನ್ನ ತಲೆಯ ಮೇಲಿಂದ ಹಾಯಾಗಿ ಚೆಂಡು ಹಾಕಿದಾಗ ಬರುತ್ತಿದ್ದದ್ದು. ಅಪ್ಪಟ ಹೊಟ್ಟೆಕಿಚ್ಚು. ಇವನ ಪಾಸಿನಂಥ ಒಂದು ಪಾಸು ನಾನು ಜನ್ಮದಲ್ಲಿ ಕೊಟ್ಟಿಲ್ಲ, ಎರಡು ಕಾಲಿದ್ದೂ.

ಆ "ಎರಡು ಕಾಲಿದ್ದೂ" ಅನ್ನುವುದು ಎಲ್ಲಿಂದ ಬಂತು? ಆಗ ಅದರ ಕಡೆ ಗಮನ ಹೋಗಲಿಲ್ಲ, ಈಗ ಹೋಗುತ್ತದೆ. ಉರಿ ತಡೆಯಲಾಗದೆ ನಾನು ಪಕ್ಕದಲ್ಲೇ ಇದ್ದ ನೀರಿಗೆ ಕೈ ಹಾಕಿದ್ದೆ. "ಏನೇ ಆಡಲಿ, ಪಾಪ, ಎದ್ದು ನಡೆಯಲಾರನಲ್ಲ" ಅಂದುಕೊಂಡೆ. ಅಂದುಕೊಂಡ ತಕ್ಷಣ ಹೊಟ್ಟೆ ತಣ್ಣಗಾಯಿತು. ಕೃತಕ ಕಾಲು ಹಾಕಿಕೊಂಡು ಅವನು ನಡೆಯುತ್ತಾನೆ ಅನ್ನುವುದು ಆಮೇಲೆ ಗೊತ್ತಾಯಿತು. ಅದು ಇಲ್ಲಿ ಮುಖ್ಯವಲ್ಲ. ನನಗಿಂತ ಮೇಲಿನ ಆಟಗಾರನೊಬ್ಬನನ್ನು ಒಪ್ಪಿಕೊಳ್ಳಬೇಕಾದ ಕಡೆ ನಾನು ಕನಿಕರವನ್ನು ತಂದು ಇಟ್ಟೆ. ಕನಿಕರದಲ್ಲಿ ನಾನು ಮೇಲೆ, ಅವನು ಕೆಳಗೆ. ಕತೆ ಹೇಳುವಾಗ ಅಪಘಾತವನ್ನು ಮೊದಲಿಗೆ ತರುವುದೂ ಇದೇ ಲೆಕ್ಕದಲ್ಲಿ ಅಂತ ನನ್ನ ಅನುಮಾನ. ಚಿನ್ನದ ಪದಕ ಹೊತ್ತು ಬರುವವನನ್ನು ಬಾಗಿಲಲ್ಲೇ ನಿಲ್ಲಿಸಿ, ಅವನ ಗಾಯ ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳುವ ದೊಡ್ಡಸ್ತಿಕೆ.

ಆ ಹೊತ್ತಿಗಾಗಲೇ ನನ್ನ ಬಲ ಮೊಣಕಾಲು ಕೈಕೊಟ್ಟಿತ್ತು. ಡಾಕ್ಟರು ಓಡುವುದು, ಹಾರುವುದು ಎರಡೂ ಬೇಡ ಅಂದಿದ್ದರು. ಇದನ್ನು ತಿಳಿದಿದ್ದ ಆಫೀಸಿನ ಗೆಳೆಯನೊಬ್ಬ ಹತ್ತಿರದ ಜಿಮ್ಮಿಗೆ ಕರೆದ. ಕೆನಡಾದ ಸ್ಥಳೀಯ ಆಟಗಳಲ್ಲಿ ಕಾಲು ಸರಿಯಿದ್ದವರೂ ಕುರ್ಚಿಯಲ್ಲಿ ಕೂತು ಆಡಬಹುದು. ಇಲ್ಲಿ ಅದು ಬಹಳ ವರ್ಷದಿಂದ ನಡೆದು ಬಂದ ಪದ್ಧತಿ. ಅಕ್ಕಂದಿರು ತಮ್ಮನ ಜೊತೆ, ಅಪ್ಪ ಮಗಳ ಜೊತೆ ಕೂತು ಆಡುತ್ತಾರೆ. ನಾನು ನೆಪ ಹೇಳುತ್ತ ಹೋದೆ. ಕೊನೆಗೆ ನೆಪಗಳು ಮುಗಿದವು.

ಆಟದ ಕುರ್ಚಿ ಆಸ್ಪತ್ರೆಯದರಂತೆ ಇರುವುದಿಲ್ಲ. ಚಕ್ರಗಳು ಮೇಲೆ ಒಳಕ್ಕೂ ಕೆಳಗೆ ಹೊರಕ್ಕೂ ವಾಲಿರುತ್ತವೆ, ಗಕ್ಕನೆ ತಿರುಗಲಿ ಅಂತ. ಹಿಂದೆ ಒಂದು ಪುಟ್ಟ ಚಕ್ರ, ಮಲಗಿಬಿಡದಿರಲಿ ಅಂತ. ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿಯುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ಹೆಬ್ಬೆರಳಿನ ಬುಡದ ಚರ್ಮ ಕಿತ್ತು ಬಂತು. ಚೆಂಡು ತೊಡೆಯ ಮೇಲಿಟ್ಟು ತಳ್ಳಿದರೆ ಉರುಳಿ ಬೀಳುತ್ತಿತ್ತು. ಫ್ರೀ ಥ್ರೋ ಗೆರೆಯಿಂದ ಎಸೆದ ಚೆಂಡು ರಿಂಗಿನ ಅಡಿಯಲ್ಲೇ ಹಾದುಹೋಯಿತು. ನನ್ನ ಶಾಟಿನ ಬಲವೆಲ್ಲ ಇಷ್ಟು ವರ್ಷ ಕಾಲಿನಿಂದ ಬರುತ್ತಿತ್ತು, ಕೈ ಬರೀ ದಾರಿ ತೋರಿಸುತ್ತಿತ್ತು ಅನ್ನುವುದು ಗೊತ್ತಾದದ್ದು ಆಗ. ಇವರಿಗೆ ಇರುವುದು ಭುಜ, ಮಣಿಕಟ್ಟು ಮತ್ತು ಸೊಂಟ ಎಷ್ಟು ಕೊಟ್ಟರೆ ಅಷ್ಟು. ಅಷ್ಟರಲ್ಲೇ ಪ್ಯಾಟ್ರಿಕ್ ಮೂರು ಪಾಯಿಂಟಿನ ಗೆರೆಯಾಚೆಯಿಂದ ಹಾಕುತ್ತಾನೆ.

ಇದಿಷ್ಟನ್ನು ನಾನು ಎಲ್ಲರಿಗೂ ನಗುತ್ತ ಹೇಳಿದ್ದೇನೆ. ಹೇಳದೆ ಇದ್ದದ್ದು ಮುಂದಿನದು. ಆಟ ಮುಗಿದ ಮೇಲೆ ಪಟ್ಟಿ ಬಿಚ್ಚಿ ಎದ್ದು ನಿಂತೆನಲ್ಲ, ಆ ನಿಂತ ರೀತಿ. ಅಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ಕೆಲವು ತಂದೆತಾಯಿಯರು ಗೋಡೆಯ ಪಕ್ಕ ನಿಂತಿದ್ದರು. ಅವರಿಗೆ ಕಾಣುವಂತೆ ಎದ್ದೆ. ಮೈಮುರಿದೆ. ಬೇಕಿಲ್ಲದಿದ್ದರೂ ಎರಡು ಹೆಜ್ಜೆ ಅತ್ತಿತ್ತ ನಡೆದೆ. ನೋವಿದ್ದ ಕಾಲನ್ನು ಕುಂಟದಂತೆ ಇಟ್ಟೆ. ನಾನು ಇವರವನಲ್ಲ, ಸುಮ್ಮನೆ ಆಡಲು ಬಂದವನು ಅಂತ ಯಾರಿಗೋ ದಾಖಲೆ ಕೊಡಬೇಕಿತ್ತು. ಯಾರೂ ಕೇಳಿರಲಿಲ್ಲ.

ರಾತ್ರಿ ಅಮ್ಮನಿಗೆ ಫೋನು ಮಾಡಿದಾಗ ವಿಷಯ ಹೇಳಿದೆ. "ಥೂ, ಬಿಡ್ತು ಅನ್ನು. ಗಟ್ಟಿಮುಟ್ಟಾಗಿರೋನು ಆ ಕುರ್ಚೀಲಿ ಯಾಕಪ್ಪ ಕುಂತ್ಕೊಂಡೆ?" ಅಂದಳು. ನಾನು ನಕ್ಕೆ. ಬಿಡ್ತು ಅಂತಲೂ ಅಂದೆ. ಓದಿಕೊಂಡ ಮಗ ಅಮ್ಮನ ಸಮಾಧಾನಕ್ಕೆ ಅಂದ ಮಾತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅಂದ ಮೇಲೆ ಎದೆ ಹಗುರಾದದ್ದು ಅಮ್ಮನಿಗಲ್ಲ, ನನಗೆ.

2020ರ ಜನವರಿಯಲ್ಲಿ ಈ ಆಟಕ್ಕೇ ಒಂದು ಗಂಡಾಂತರ ಬಂತು. ಆಟಗಾರರನ್ನು ವರ್ಗೀಕರಿಸುವ ರೀತಿ ತನ್ನ ನಿಯಮಕ್ಕೆ ಸರಿಹೊಂದುತ್ತಿಲ್ಲ ಎಂದು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲನ್ನು ಪ್ಯಾರಿಸ್ ಕೂಟದ ಪಟ್ಟಿಯಿಂದ ತೆಗೆದಿತ್ತು. ಟೋಕಿಯೊ ಕೂಡ ತೂಗುಯ್ಯಾಲೆಯಲ್ಲಿತ್ತು. 4 ಮತ್ತು 4.5 ಪಾಯಿಂಟಿನವರನ್ನೆಲ್ಲ ಮತ್ತೆ ಪರೀಕ್ಷಿಸಿದರು. ಆಟ ಉಳಿಯಿತು, ಕೆಲವು ಆಟಗಾರರು ಉಳಿಯಲಿಲ್ಲ. ಕೆನಡಾದ ಡೇವಿಡ್ ಎಂಗ್ ಹಾಗೆ ಹೊರಬಿದ್ದವರಲ್ಲಿ ಒಬ್ಬ. ಹುಟ್ಟಿನಿಂದ ಒಂದು ಕಾಲು ಗಿಡ್ಡ. ಅಥೆನ್ಸ್ ಮತ್ತು ಲಂಡನ್ ಚಿನ್ನದ ತಂಡಗಳಲ್ಲಿ ಪ್ಯಾಟ್ರಿಕ್ ಜೊತೆ ಆಡಿದವನು. ರಿಯೊದಲ್ಲಿ ದೇಶದ ಬಾವುಟ ಹಿಡಿದು ನಡೆದವನು. ನಿನ್ನ ಊನ ಸಾಲದು ಅಂದರು.

ಪತ್ರಿಕೆ ಓದಿ ಅನ್ಯಾಯ ಅಂತ ಗೆಳೆಯರ ಮುಂದೆ ಕೂಗಾಡಿದೆ. ಕೂಗಾಡುವಾಗಲೇ ಒಳಗೊಂದು ಮುಳ್ಳು ಚುಚ್ಚುತ್ತಿತ್ತು. ಲಂಡನ್ ಫೈನಲ್ ನೋಡುವಾಗ ಎಂಗ್‌ನನ್ನು ಕಂಡು "ಇವನಿಗೇನಾಗಿದೆ? ಚೆನ್ನಾಗೇ ಇದ್ದಾನಲ್ಲ" ಅಂದುಕೊಂಡವನು ನಾನೇ. ಅವನ ಒಳ್ಳೆಯ ಶಾಟುಗಳು ನನ್ನನ್ನು ಅಷ್ಟಾಗಿ ಮುಟ್ಟಿರಲಿಲ್ಲ. ಕನಿಕರಕ್ಕೆ ಹಿಡಿದುಕೊಳ್ಳಲು ಅವನಲ್ಲಿ ಕೊಂಬೆ ಇರಲಿಲ್ಲ. ಸಮಿತಿ ಅಳತೆಗೋಲು ಹಿಡಿದು ಬರುವ ಎಂಟು ವರ್ಷ ಮುಂಚೆಯೇ ನಾನು ಸೋಫಾದ ಮೇಲೆ ಕೂತು ಅಳೆದು ಮುಗಿಸಿದ್ದೆ. ಸಮಿತಿಗಾದರೂ ಒಂದು ನಿಯಮಪುಸ್ತಕ ಇತ್ತು.

ಇದೆಲ್ಲ ಕೆನಡಾಕ್ಕೆ ಬಂದು ಕಲಿತ ಗುಣವಲ್ಲ.

ನಮ್ಮ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಮೂರು ವರ್ಷದವನಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಸೊರಗಿದವು. ಕೈಯೂರಿ ಸರಿಯುತ್ತಿದ್ದ, ಹೈಸ್ಕೂಲಿನ ಹೊತ್ತಿಗೆ ಯಾವುದೋ ಸಮಾರಂಭದಲ್ಲಿ ಸರ್ಕಾರದವರು ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಕೊಟ್ಟರು, ಹಾರ ಹಾಕಿ ಫೋಟೊ ತೆಗೆದರು. ಅದರಲ್ಲಿ ದಿನಾ ಸಂಜೆ ಕೋರ್ಟಿಗೆ ಬರುತ್ತಿದ್ದ. ಭುಜಗಳು ಪೈಲ್ವಾನನಂತೆ. ನಾವು ಅವನ ಕೈಗೆ ಸ್ಕೋರ್ ಬುಕ್ಕು ಕೊಟ್ಟೆವು. ಎಷ್ಟು ಒಳ್ಳೆಯವರು ನಾವು, ಅವನನ್ನೂ ಸೇರಿಸಿಕೊಂಡೆವು ಅನ್ನುವ ಸಂತೋಷ ನಮಗಿತ್ತು.

ಅವನಿಗೆ ಆಟ ನಮ್ಮೆಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಹಾಫ್ ಟೈಮಿನಲ್ಲಿ ಬಂದರೆ, "ಆ ಏಳನೇ ನಂಬರಿನವನು ಬಲಗೈ ಬಿಟ್ರೆ ಡ್ರಿಬಲ್ ಮಾಡಲ್ಲ ಕಣ್ಲಾ, ಬಲಗಡೆ ಮುಚ್ಚು" ಅನ್ನುತ್ತಿದ್ದ. ಮುಚ್ಚಿದರೆ ಗೆಲ್ಲುತ್ತಿದ್ದೆವು. ಗೆದ್ದ ಮೇಲೆ ನಾನು ಅವನ ಕಡೆ ನೋಡುತ್ತಿದ್ದ ನೋಟ ಪ್ರೀತಿಯದೇ, ಸುಳ್ಳಲ್ಲ. ಅದರೊಳಗೆ ಇನ್ನೊಂದೂ ಇತ್ತು. ಇಷ್ಟೆಲ್ಲ ತಿಳಿದೂ ಪಾಪ ಆಡಲಾರ ಅನ್ನುವುದು. ಅವನ ತಲೆಗೂ ನನ್ನ ತಲೆಗೂ ಇದ್ದ ಅಂತರವನ್ನು ಆ ಪಾಪ ಸರಿದೂಗಿಸುತ್ತಿತ್ತು. ಅವನು ಆಡಿದ್ದರೆ ನನಗೆ ತಂಡದಲ್ಲಿ ಜಾಗ ಇರುತ್ತಿತ್ತೋ ಇಲ್ಲವೋ, ಆ ಯೋಚನೆಯೇ ಬರಬೇಕಾದ ಅಗತ್ಯ ಬೀಳಲಿಲ್ಲ. ಆಟದ ಗಡಿಬಿಡಿ ಮುಗಿದ ಮೇಲೆ ಖಾಲಿ ಕೋರ್ಟಿನಲ್ಲಿ ಅವನು ಸೈಕಲ್ಲಿನಲ್ಲೇ ಕೂತು ಚೆಂಡು ಎಸೆಯುತ್ತಿದ್ದದ್ದನ್ನು ನೋಡಿದ್ದೇನೆ. ಬೀಳುತ್ತಿತ್ತು ಕೂಡ. ಅದನ್ನು ಯಾರಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ.

ಪ್ಯಾಟ್ರಿಕ್ ಈ ಆಟವನ್ನು ಕಂಡುಕೊಂಡದ್ದು 1990ರಲ್ಲಿ. ಸರಿಸುಮಾರು ಅದೇ ಕಾಲದಲ್ಲಿ ನಮ್ಮಣ್ಣನಿಗೆ ಅಂಗವಿಕಲರ ಕೋಟಾದಲ್ಲಿ ಎಸ್‌ಟಿಡಿ ಬೂತು ಮಂಜೂರಾಯಿತು. ಮನೆಯಲ್ಲಿ ಸಿಹಿ ಹಂಚಿದರು. ಜೀವನಕ್ಕೆ ದಾರಿಯಾಯಿತು ಅಂದರು, ಆದದ್ದೂ ಹೌದು. ಬೂತಿನಿಂದ ಜೆರಾಕ್ಸು, ಜೆರಾಕ್ಸಿನಿಂದ ಮೊಬೈಲ್ ರೀಚಾರ್ಜು, ಮಗಳ ಎಂಜಿನಿಯರಿಂಗು, ಎಲ್ಲ ಅದರಿಂದಲೇ. ಅತ್ತ ಫರ್ಗಸಿನ ಹುಡುಗನಿಗೆ ಹತ್ತಿರದಲ್ಲೊಂದು ಕ್ಲಬ್ಬು, ಅಲ್ಲಿಂದ 1997ಕ್ಕೆ ದೇಶದ ತಂಡ, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯ. ಮಹಾಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗೆಂದು ಟಿಮ್ ನ್ಯೂಜೆಂಟ್ ಎಂಬಾತ ತಂಡ ಕಟ್ಟಿ, 1949ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ವೀಲ್‌ಚೇರ್ ಪಂದ್ಯಾವಳಿ ನಡೆಸಿದ್ದು ಅದೇ ವಿಶ್ವವಿದ್ಯಾಲಯದ ಗೇಲ್ಸ್‌ಬರ್ಗ್ ಶಾಖೆಯಲ್ಲಿ. ಅಲ್ಲಿನ ಕೋಚ್ ಮೈಕ್ ಫ್ರಾಗ್ಲಿ ಸ್ವತಃ ಕುರ್ಚಿಯಲ್ಲಿ ಆಡಿದವನು, ಸಿಡ್ನಿ ಮತ್ತು ಅಥೆನ್ಸಿನಲ್ಲಿ ಕೆನಡಾಕ್ಕೂ ಅವನೇ ಕೋಚು. ಹುಡುಗನಿಗೆ ಛಲವಿತ್ತು, ಒಪ್ಪೋಣ. ಆ ಛಲ ಹೋಗಿ ಬೀಳಲು ನಲವತ್ತು ವರ್ಷದಿಂದ ಸಿದ್ಧವಾಗಿದ್ದ ನೆಲವೂ ಇತ್ತು. ಭಾರತದಲ್ಲಿ ಮಾಧವಿ ಲತಾ ಅವರು ಚೆನ್ನೈನಲ್ಲಿ ಈ ಆಟಕ್ಕೊಂದು ಫೆಡರೇಶನ್ ಕಟ್ಟುವ ಹೊತ್ತಿಗೆ 2014 ದಾಟುತ್ತಿತ್ತು. ಕರ್ನಾಟಕಕ್ಕೂ ತಂಡ ಬಂತು. ನಮ್ಮಣ್ಣನಿಗೆ ಆಗ ನಲವತ್ತೈದರ ಮೇಲೆ, ಜೊತೆಗೆ ಶುಗರು. ಹೀಗೆಲ್ಲ ಪಕ್ಕಪಕ್ಕ ಇಟ್ಟು ನೋಡುವುದೂ ನನಗೆ ಅನುಕೂಲವೇ ಅನ್ನಿ. ವ್ಯವಸ್ಥೆ ಇರಲಿಲ್ಲ ಅಂದುಬಿಟ್ಟರೆ ಕೋರ್ಟಿನ ಪಕ್ಕ ನಿಂತು ನೋಡಿ ಸುಮ್ಮನಿದ್ದವನ ಹೆಸರು ಲೆಕ್ಕದಲ್ಲಿ ಬರುವುದಿಲ್ಲ.

ಪ್ಯಾಟ್ರಿಕ್‌ನ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಿಚ್ಚು ತರುವ ಭಾಗ ಪದಕದ್ದಲ್ಲ. ಬೀಜಿಂಗಿನ ನಂತರ, ಮೂವತ್ತು ಕೂಡ ತುಂಬದ ವಯಸ್ಸಿನಲ್ಲಿ, ಆಟ ಸಾಕು ಅಂತ ಬಿಟ್ಟು ನ್ಯೂಯಾರ್ಕಿಗೆ ಹೋಗಿ ಸಂಗೀತ ಓದಿದ. ಹೆಂಡತಿಯ ಜೊತೆ ಸೇರಿ 'ದಿ ಲೇ ಅವೇಕ್ಸ್' ಅಂತ ಜೋಡಿ ಕಟ್ಟಿಕೊಂಡು ಹಾಡಿದ. ಮನಸ್ಸಾದಾಗ ಮರಳಿ ಬಂದು ಲಂಡನ್ ಗೆದ್ದ. ಮತ್ತೆ ಬಿಟ್ಟ. ಅವನಿಲ್ಲದ ಕೆನಡಾ ರಿಯೊದಲ್ಲಿ ಪದಕದ ಹತ್ತಿರವೂ ಸುಳಿಯಲಿಲ್ಲ. ಮತ್ತೆ ಬಂದ, ಟೋಕಿಯೊದಲ್ಲಿ ಆಡಿದ. 2024ರಲ್ಲಿ ಪ್ಯಾರಿಸಿನಲ್ಲಿ ಕೆನಡಾದ ಬಾವುಟ ಹಿಡಿದವರಲ್ಲಿ ಒಬ್ಬನಾದ. 45 ವರ್ಷ. ಕಂಚಿನ ಪಂದ್ಯದಲ್ಲಿ ಜರ್ಮನಿಯ ಎದುರು ಸೋತು ನಾಲ್ಕನೆಯ ಸ್ಥಾನ. ಕಾಲು ಹೋದವನು ಆಟವನ್ನು ಎರಡೆರಡು ಸಲ ತಾನಾಗಿ ಬಿಟ್ಟ, ತಾನಾಗಿ ಹಿಡಿದ. ನನ್ನನ್ನು ಆಟವೇ ಬಿಟ್ಟಿತು, ಒಂದು ಮೊಣಕಾಲಿನ ನೆಪದಲ್ಲಿ. ಈ ಉರಿಗೆ ಮಾತ್ರ ಯಾವ ಪಾಪವನ್ನೂ ಸುರಿಯಲು ಆಗಿಲ್ಲ. ಸುರಿಯಲು ಹೋದರೆ ಅದು ನನ್ನ ಮೇಲೇ ಬೀಳುತ್ತದೆ.

ಹೋದ ವರ್ಷ ನಮ್ಮಣ್ಣನಿಗೆ ಲಂಡನ್ ಫೈನಲ್ಲಿನ ವಿಡಿಯೊ ಕಳಿಸಿದೆ. ಒಂದು ಮಾತೂ ಪೀಠಿಕೆ ಹಾಕಬಾರದು ಅಂತ ತೀರ್ಮಾನಿಸಿ, ಅಪಘಾತದ ಕತೆ ಹೇಳದೆ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಅವನೇ ಫೋನು ಮಾಡಿದ.

"ನೋಡ್ದೆ ಕಣ್ಲಾ. ಎರಡು ಸತಿ ನೋಡ್ದೆ. ಆ ಪ್ಯಾಟ್ರಿಕ್ಕು ಒಳ್ಳೆ ಆಟಗಾರನೇ, ಇಲ್ಲ ಅನ್ನಕಿಲ್ಲ. ಆದ್ರೆ ಆ ಒಂದು ಪಾಯಿಂಟಿನೋನು ಬಂದು ಅವರ ದೊಡ್ಡೋನ ಕುರ್ಚಿಗೆ ಅಡ್ಡ ನಿಂತ್ಕಂಡು ಕಟ್ಟಾಕದೆ ಇದ್ದಿದ್ರೆ ನಿನ್ ಹೀರೊ ಎಲ್ಲಿಗೋಯ್ತಿದ್ದ?"

"ಮೂವತ್ನಾಲ್ಕು ಪಾಯಿಂಟ್ ಹಾಕಿದಾನೆ ಅಣ್ಣ."

"ಹಾಕ್ಲಿ. ದಾರಿ ಬುಟ್ಕೊಟ್ಟೋನ ಹೆಸರು ಸ್ಕೋರ್ ಶೀಟಲ್ಲಿ ಎಲ್ಲಿ ಬರೀತೀಯ? ನಾನು ಇಷ್ಟು ವರ್ಷ ಬರ್ದೀನಿ, ಅದಕ್ಕೆ ಜಾಗನೇ ಇಲ್ಲ."

ನನಗೆ ನಿಜಕ್ಕೂ ಸಿಟ್ಟು ಬಂತು. ಪ್ಯಾಟ್ರಿಕ್‌ನ ಎಂಟು ಅಸಿಸ್ಟು ಲೆಕ್ಕಕ್ಕಿಲ್ಲವೇ ಅಂತ ವಾದಿಸಿದೆ. ಇಬ್ಬರು ನಾಲ್ಕೂವರೆಯವರನ್ನು ಒಟ್ಟಿಗೆ ಇಳಿಸುವುದು ಜಾಣತನವೋ ದುಂದೋ ಅನ್ನುವಲ್ಲಿಗೆ ಮಾತು ಹೋಯಿತು. ಅವನು ದುಂದು ಅಂದ. ಇನ್ನೂ ಕೆಲವು ಪಂದ್ಯ ಕಳಿಸಿದೆ; ಒಂದರಲ್ಲೂ ಅವನು ನನ್ನ ಮಾತು ಒಪ್ಪಲಿಲ್ಲ. ಪ್ಯಾರಿಸಿನ ಸೋಲಿನ ಬಗ್ಗೆ ಅಂತೂ "ವಯಸ್ಸಾದೋನ್ನ ಅಷ್ಟು ಹೊತ್ತು ಯಾಕೆ ಆಡಿಸ್ದ ಆ ಕೋಚು?" ಅಂತ ಒಂದೇ ಏಟಿಗೆ ತೀರ್ಪು ಕೊಟ್ಟ.

ತಿಂಗಳುಗಟ್ಟಲೆ ಹೀಗೆ ಜಗಳವಾಡಿದ ಮೇಲೆ, ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ: ಒಂಬತ್ತನೇ ವಯಸ್ಸಿನಲ್ಲಿ, ಕುಡಿದವನೊಬ್ಬ ಕಾರು ಗುದ್ದಿ, ಹೀಗೆ ಹೀಗೆ ಅಂತ. ಅಭ್ಯಾಸಬಲ, ಹೇಳಿ ಸುಮ್ಮನಾದೆ.

"ಹೌದಾ" ಅಂದ ನಮ್ಮಣ್ಣ. "ಅದಿರ್ಲಿ, ಅವನದು ಫ್ರೀ ಥ್ರೋ ನೂರಕ್ಕೆ ಎಷ್ಟು ಬೀಳ್ತದೆ?"